ಥಾಣೆಯಿಂದ ಹೊರಟ ಗಂಟು

ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಕಡೆ ನೆಲೆನಿಂತ ನಮ್ಮ ಉಡುಪಿ, ಮಂಗಳೂರಿನವರಿಗೆ ಥಾಣೆ ಸ್ಟೇಷನ್ನು ಊರಿನ ಹೆಬ್ಬಾಗಿಲು ಇದ್ದ ಹಾಗೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಮತ್ಸ್ಯಗಂಧ ಹಿಡಿಯಲು ನಾವು ಕುರ್ಲಾದವರೆಗೆ ಹೋಗುವ ಗೋಜಿಗೆ ಹೋಗುವುದಿಲ್ಲ. ಥಾಣೆಯಲ್ಲೇ ಕಾಯುತ್ತೇವೆ. ಕೈಯಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಮಕ್ಕಳಿಗೆ ಬಿಸ್ಕೀಟು, ಅತ್ತೆಗೊಂದು ಸೀರೆ. 2004ರ ಮೇ ತಿಂಗಳಲ್ಲಿ ಮಾತ್ರ ನನ್ನ ಕೈಯಲ್ಲಿದ್ದದ್ದು ಬಿಳಿಬಟ್ಟೆ ಕಟ್ಟಿದ ಒಂದು ಮಣ್ಣಿನ ಕುಡಿಕೆ. ಅದರೊಳಗೆ ಅಪ್ಪ ಇದ್ದರು.

ಅಪ್ಪ 1951ರಲ್ಲಿ, ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದವರು. ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರಾಗಿ, ಕೊನೆಗೆ ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರ ಮಾಡಿದರು. "ರಿಟೈರ್ ಆದ ಮೇಲೆ ಊರಿಗೇ" ಎಂದು ನಲವತ್ತು ವರ್ಷ ಹೇಳಿದರು. ಹೋದದ್ದು ಹೀಗೆ. ಗಾಡಿಯಲ್ಲಿ ಎದುರು ಕೂತಿದ್ದ ಹೆಂಗಸು, "ಕೆಳಗೆ ಇಡಿ ಮಾರಾಯ್ರೆ, ಎಷ್ಟು ಹೊತ್ತು ಹಿಡ್ಕೊಂಡು ಕೂತ್ಕೊಳ್ತೀರಿ?" ಎಂದರು. ಏನೆಂದು ಹೇಳಿದೆ. ಮತ್ತೆ ಮಾತಾಡಲಿಲ್ಲ, ಎದ್ದು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು.

ಥಾಣೆಯಿಂದ ಹೀಗೆ ಸತ್ತವರ ಎಲುಬು ಕಟ್ಟಿಕೊಂಡು ಹೊರಟವರಲ್ಲಿ ನಾನು ಮೊದಲಿನವನಲ್ಲ ಎಂದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಹೆನ್ರಿ ಯೂಲ್ ಎಂಬ ವಿದ್ವಾಂಸ 1866ರಲ್ಲಿ ಇಂಗ್ಲಿಷಿಗೆ ತಂದ ಹಳೆಯ ಪ್ರವಾಸಕಥನಗಳನ್ನು ಓದುತ್ತಿದ್ದೆ. ಅದರಲ್ಲಿ 'ತಾನಾ' ಎಂಬ ಹೆಸರು ಬಂತು. ನಮ್ಮ ಥಾಣೆಯೇ. ನನಗಿಂತ ಸುಮಾರು ಏಳುನೂರು ವರ್ಷ ಮೊದಲು ಇಟಲಿಯ ಒಬ್ಬ ಪಾದ್ರಿ ಇಲ್ಲಿಂದ ಎಲುಬಿನ ಗಂಟು ಹೊತ್ತು ಹಡಗು ಹತ್ತಿದ್ದ. ಅವನ ಹೆಸರು ಓಡೋರಿಕ್.

ಅವನ ಕತೆಗೆ ಮೊದಲು ಆಗಿನ ಥಾಣೆಯ ಬಗ್ಗೆ ಎರಡು ಮಾತು. ಸ್ಥಾನಕ ಎಂದು ಅದರ ಹಳೆಯ ಹೆಸರು. ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿ. ಈ ಶಿಲಾಹಾರರು ಮೊದಲಿಗೆ ನಮ್ಮ ಮಳಖೇಡದ ರಾಷ್ಟ್ರಕೂಟರ ಸಾಮಂತರು. ಇಲ್ಲಿಗೆ ಹತ್ತಿರದ ಕಾನ್ಹೇರಿ ಗುಹೆಗಳ ಒಂಬತ್ತನೇ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಮುಂಬಯಿಗೆ ಬಂದ ಮೊದಲ ಕನ್ನಡಿಗರು ನಾವೇ ಎಂದು ಹೋಟೆಲು ಇಟ್ಟವರು ಯಾರೂ ಬೀಗುವ ಹಾಗಿಲ್ಲ. ಪಕ್ಕದ ಕಲ್ಯಾಣವೂ ಹಳೆಯ ಬಂದರು. (ನಾನು ಕಲ್ಯಾಣದಲ್ಲಿ ಕೆಲಸಕ್ಕೆ ಸೇರಿದೆನೆಂದು ಬರೆದಾಗ ಊರಿನ ಮೇಷ್ಟ್ರು ಬಸವಣ್ಣನ ಕಲ್ಯಾಣವೆಂದು ತಿಳಿದು ಸಂತೋಷಪಟ್ಟಿದ್ದರು!) ಆರನೇ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ 'ಕಲ್ಲಿಯಾನಾ'ದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಒಬ್ಬರಿದ್ದರೆಂದು ಬರೆದಿದ್ದಾನೆ, ಅದು ಈ ಕಲ್ಯಾಣವೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅಂತೂ ಪೋರ್ಚುಗೀಸರು ಬರುವುದಕ್ಕೆ ಎಷ್ಟೋ ಮೊದಲೇ ಈ ಕರಾವಳಿಯಲ್ಲಿ ಕ್ರೈಸ್ತರಿದ್ದರು. ಹದಿನಾಲ್ಕನೇ ಶತಮಾನದ ಥಾಣೆಯಲ್ಲಿ ನೆಸ್ಟೋರಿಯನ್ ಪಂಥದ ಹದಿನೈದು ಮನೆಗಳಿದ್ದವೆಂದು ಓಡೋರಿಕನೇ ಲೆಕ್ಕ ಕೊಡುತ್ತಾನೆ.

1321ರಲ್ಲಿ ಈ ಹದಿನೈದು ಮನೆಗಳಲ್ಲೊಂದಕ್ಕೆ ನಾಲ್ವರು ಅತಿಥಿಗಳು ಬಂದರು. ತೊಲೆಂತಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ಮತ್ತು ಭಾಷೆ ಬಲ್ಲ ದೆಮೆತ್ರಿಯಸ್. ಫ್ರಾನ್ಸಿಸ್ಕನ್ ಪಂಥದವರು. ಅವರು ಹೊರಟದ್ದು ಚೀನಾಕ್ಕೆ. ದಾರಿಯಲ್ಲಿ ಕೇರಳದ ಕೊಲ್ಲಂ ಮುಟ್ಟಬೇಕೆಂದಿದ್ದರು. ಹಡಗು ತಂದು ಬಿಟ್ಟದ್ದು ಥಾಣೆಗೆ. ಆಗ ಥಾಣೆ ದೆಹಲಿಯ ಸುಲ್ತಾನನ ಅಧಿಕಾರಿಯ ಕೈಯಲ್ಲಿತ್ತು.

ಮುಂದಿನದು ಓದಿದಾಗ ನನಗೆ ಚಾಳಿನ ಬದುಕು ನೆನಪಾಯಿತು. ಅತಿಥಿಗಳು ಇಳಿದುಕೊಂಡ ಮನೆಯಲ್ಲಿ ಗಂಡ ಹೆಂಡಿರಿಗೆ ಜಗಳವಾಯಿತು. ಗಂಡ ಹೊಡೆದ. ಹೆಂಡತಿ ಖಾಜಿಯ ಬಳಿ ದೂರು ಕೊಟ್ಟಳು. ಸಾಕ್ಷಿ ಯಾರು ಎಂದಾಗ, ಮನೆಯಲ್ಲಿರುವ ಪರದೇಶಿ ಪಾದ್ರಿಗಳು ನೋಡಿದ್ದಾರೆ ಎಂದಳು. ಅವರನ್ನು ಕರೆಸಿದರು. ಒಂದು ಮನೆಯ ಹೊಡೆದಾಟದ ವಿಚಾರಣೆ ಯಾರ ದೇವರು ನಿಜ ಎಂಬ ವಾದಕ್ಕೆ ತಿರುಗಿತು. ಕೇಳಿದ ಪ್ರಶ್ನೆಗೆ ಥಾಮಸ್ ಕಟುವಾಗಿಯೇ ಉತ್ತರ ಕೊಟ್ಟ. ಬಿಸಿಲಿನಲ್ಲಿ ಕಟ್ಟಿಹಾಕಿದರು, ಬೆಂಕಿಗೆ ತಳ್ಳಿದರು, ಬೆಂಕಿ ಸುಡಲಿಲ್ಲ ಎಂದು ಕಥನ ಹೇಳುತ್ತದೆ. ಅಧಿಕಾರಿ ಅವರನ್ನು ಬಿಟ್ಟು ಕಡಲ ಕವಲಿನ ಆಚೆ ಕಳಿಸಿದ. ಆದರೆ ಖಾಜಿಯ ಒತ್ತಾಯಕ್ಕೆ ಮಣಿದು ರಾತ್ರಿ ಮತ್ತೆ ಆಳುಗಳನ್ನು ಅಟ್ಟಿದ. ಏಪ್ರಿಲ್ 9ರಂದು ಮೂವರ ಕೊಲೆಯಾಯಿತು. ಸಾಮಾನು ಕಾಯಲು ಮನೆಯಲ್ಲೇ ಉಳಿದಿದ್ದ ಪೀಟರನನ್ನು ಆಮೇಲೆ ಹಿಡಿದು ಕೊಂದರು. ಈ ಸುದ್ದಿ ಮುಟ್ಟಿದಾಗ ಸುಲ್ತಾನನೇ ಆ ಅಧಿಕಾರಿಯನ್ನು ಕರೆಸಿ ಮರಣದಂಡನೆ ಕೊಟ್ಟನೆಂದೂ ಓಡೋರಿಕ್ ಹೇಳುತ್ತಾನೆ. ಈ ಭಾಗವನ್ನು ಬಿಟ್ಟು ಕತೆ ಹೇಳಬಾರದು.

ನಾಲ್ವರ ಜತೆ ಹಡಗಿನಲ್ಲಿ ಬಂದಿದ್ದ ಐದನೆಯವನು ಜೋರ್ದಾನುಸ್, ಡೊಮಿನಿಕನ್ ಪಂಥದ ಫ್ರೆಂಚ್ ಪಾದ್ರಿ. ಆಗ ಅವನು ಭರೂಚ್ ಕಡೆ ಹೊರಟಿದ್ದ. ಸುದ್ದಿ ತಿಳಿದು ಹಿಂದೆ ಬಂದು, ಜಿನೋವಾದ ಒಬ್ಬ ಹುಡುಗನ ಸಹಾಯದಿಂದ ಹೆಣಗಳನ್ನು ಸೋಪಾರಾಕ್ಕೆ ಸಾಗಿಸಿ ಮಣ್ಣು ಮಾಡಿದ. ಸೋಪಾರಾ ಎಂದರೆ ಇವತ್ತಿನ ನಾಲಾಸೋಪಾರಾ, ವಿರಾರ್ ಲೋಕಲ್ಲಿನ ದಾರಿ. ಕೆಲವು ವರ್ಷಗಳ ಮೇಲೆ ಥಾಣೆಯಿಂದ ಅವನು ತನ್ನವರಿಗೆ ಬರೆದ ಕಾಗದ ಉಳಿದಿದೆ. ಜತೆಗಾರರಿಲ್ಲ, ಮೈಗೆ ಕಾಯಿಲೆ, ಸುತ್ತ ಬೈಗುಳ, ಯಾರನ್ನಾದರೂ ಕಳಿಸಿ ಎಂಬ ಧಾಟಿ. ಪರದೇಶದಿಂದ ಬರೆದ ಕಾಗದಗಳೆಲ್ಲ ಒಂದೇ ಥರ ನೋಡಿ. ಅಪ್ಪ ಊರಿಗೆ ಬರೆದ ಮೊದಲ ವರ್ಷದ ಇನ್‌ಲ್ಯಾಂಡ್ ಪತ್ರಗಳೂ ಹೀಗೇ ಇದ್ದವೆಂದು ಅಜ್ಜಿ ಹೇಳುತ್ತಿದ್ದರು. ಜೋರ್ದಾನುಸ್ ಮುಂದೆ ಯುರೋಪಿಗೆ ಮರಳಿದ. 1329ರಲ್ಲಿ ಪೋಪರು ಅವನನ್ನು ಕೊಲ್ಲಂ ಬಿಷಪ್ ಮಾಡಿದರು, ಮತ್ತೆ ಭಾರತಕ್ಕೆ ಹೊರಡಲು ಹೇಳಿದರು. ಅಲ್ಲಿಂದಾಚೆ ಚರಿತ್ರೆಯಲ್ಲಿ ಅವನ ಹೆಜ್ಜೆ ಕಾಣುವುದಿಲ್ಲ.

ಈಗ ಓಡೋರಿಕನ ಸರದಿ. ಈಶಾನ್ಯ ಇಟಲಿಯ ಪೊರ್ದೆನೋನೆ ಎಂಬ ಊರಿನ ಬಳಿಯವನು. ಕಾನ್‌ಸ್ಟಾಂಟಿನೋಪಲ್, ತಬ್ರೀಜ್, ಬಾಗ್ದಾದ್ ದಾಟಿ ಹೊರ್ಮುಜ್‌ಗೆ ಬಂದ. ಅಲ್ಲಿ ಕಬ್ಬಿಣದ ಮೊಳೆಯೇ ಇಲ್ಲದ, ಹಗ್ಗದಿಂದ ಹೊಲಿದ ಹಡಗು ಹತ್ತಿ 28 ದಿನಕ್ಕೆ ಥಾಣೆ ಮುಟ್ಟಿದ. ನಾಲ್ವರು ಸತ್ತು ಕೆಲವೇ ವರ್ಷವಾಗಿತ್ತು. ಅವನ ಕಣ್ಣಿಗೆ ಬಿದ್ದ ಥಾಣೆ ಹೇಗಿತ್ತು? ಅನ್ನ, ರೊಟ್ಟಿ ಧಾರಾಳ. ಮರದಿಂದ ಇಳಿಸುವ ಕಳ್ಳು. ನಾಯಿಯಷ್ಟು ದೊಡ್ಡ ಇಲಿಗಳು. ಅವುಗಳ ಮುಂದೆ ಬೆಕ್ಕಿನ ಆಟ ನಡೆಯದೆ ನಾಯಿಗಳೇ ಹಿಡಿಯಬೇಕು! ಇದು ಬೊಗಳೆ ಎಂದು ಇಟಲಿಯವರು ನಕ್ಕಿರಬಹುದು. ಡೊಂಬಿವಲಿಯಲ್ಲಿ ಒಂದು ಮಳೆಗಾಲ ಕಳೆದವರು ನಗುವುದಿಲ್ಲ. ನಮ್ಮ ಊರಿನ ಹೆಗ್ಗಣ ಅದು.

ಓಡೋರಿಕ್ ಆ ನಾಲ್ವರ ಎಲುಬುಗಳನ್ನು ಅಗೆದು ತೆಗೆದು, ಬಟ್ಟೆಯಲ್ಲಿ ಸುತ್ತಿ, ತನ್ನ ಜತೆ ಒಯ್ದ. ಇಟಲಿಗೆ ಅಲ್ಲ. ಅವರು ಹೊರಟಿದ್ದ ಕಡೆಗೆ, ಚೀನಾಕ್ಕೆ. ರಾತ್ರಿ ಮಲಗಿದಾಗ ತಲೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಮಲಗಿದ್ದ ಮನೆಗೆ ಬೆಂಕಿ ಬಿದ್ದಾಗ ಎಲುಬುಗಳೇ ಕಾಪಾಡಿದವು ಎನ್ನುತ್ತಾನೆ. ಗಾಳಿಯಿಲ್ಲದೆ ಹಡಗು ನಿಂತಾಗ ಎಲ್ಲರೂ ತಂತಮ್ಮ ದೇವರಿಗೆ ಮೊರೆಯಿಟ್ಟರಂತೆ. ಕೊನೆಗೆ ಇವನು ಒಂದು ಎಲುಬನ್ನು ಗುಟ್ಟಾಗಿ ಸಮುದ್ರಕ್ಕೆ ಹಾಕಿಸಿದಾಗ ಗಾಳಿ ಬಂತಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ರಾತ್ರಿ ಕೂತವನಿಗೆ ಆ ತಲೆದಿಂಬಿನ ಮಾತು ನಂಬಲು ಕಷ್ಟವಿಲ್ಲ.

ಚೀನಾದ ಝೈತೂನ್, ಅಂದರೆ ಇಂದಿನ ಕ್ವಾನ್‌ಝೌ ಬಂದರಿನಲ್ಲಿ ಫ್ರಾನ್ಸಿಸ್ಕನ್ನರ ಮಠವಿತ್ತು. ಎಲುಬುಗಳನ್ನು ಅಲ್ಲಿ ಒಪ್ಪಿಸಿದ. ಬದುಕಿದ್ದಾಗ ಮುಟ್ಟಲಾಗದ ಜಾಗವನ್ನು ಅವರು ಸತ್ತ ಮೇಲೆ ಮುಟ್ಟಿದರು. ಓಡೋರಿಕ್ ಮುಂದೆ ಬೀಜಿಂಗ್‌ನಲ್ಲಿ ಮೂರು ವರ್ಷ ಇದ್ದು, ಮಧ್ಯ ಏಷ್ಯಾದ ನೆಲದ ದಾರಿ ಹಿಡಿದು ಊರಿಗೆ ಮರಳಿದ. ಹೆಚ್ಚುಕಡಿಮೆ ಹನ್ನೆರಡು ವರ್ಷದ ಸುತ್ತು.

ಮರಳಿದವನಿಗೆ ಏನು ಸಿಕ್ಕಿತು? ಮನೆ ಮಠವೇ. ಆಸ್ತಿ ಇಲ್ಲ. ಸಿಕ್ಕಿದ್ದು ಒಬ್ಬ ಕೇಳುಗ. 1330ರ ಮೇ ತಿಂಗಳಲ್ಲಿ ಪಾದುವಾದ ಮಠದಲ್ಲಿ ಅವನು ಕೂತು ಹೇಳಿದ, ಸೊಲಾಞ್ಞದ ವಿಲಿಯಂ ಎಂಬ ಪಾದ್ರಿ ಬರೆದುಕೊಂಡ. ಅಲಂಕಾರವಿಲ್ಲದ, ಬಾಯಿಮಾತಿನಂಥ ಲ್ಯಾಟಿನ್. ಹೇಳಿದ್ದೆಲ್ಲ ಕಣ್ಣಾರೆ ಕಂಡದ್ದು ಇಲ್ಲವೆ ನಂಬಿಕಸ್ಥರಿಂದ ಕೇಳಿದ್ದು ಎಂದು ಅವನು ಪ್ರಮಾಣ ಮಾಡಬೇಕಾಯಿತು. ದೂರದಿಂದ ಬಂದವನ ಮಾತನ್ನು ಊರು ಸುಮ್ಮನೆ ನಂಬುವುದಿಲ್ಲ. ಪೋಪರನ್ನು ಕಾಣಲು ಹೊರಟು, ದಾರಿಯಲ್ಲಿ ಕಾಯಿಲೆ ಬಿದ್ದು ತಿರುಗಿ ಬಂದು, 1331ರ ಜನವರಿ 14ರಂದು ಉದಿನೆ ಪಟ್ಟಣದಲ್ಲಿ ತೀರಿಕೊಂಡ. ಊರು ಸೇರಿ ಒಂದು ವರ್ಷವೂ ಪೂರ್ತಿ ಬಾಳಿದನೋ ಇಲ್ಲವೋ. ಜತೆಗಾರನಾಗಿದ್ದ ಐರ್ಲೆಂಡಿನ ಜೇಮ್ಸ್ ಎಂಬವನಿಗೆ ಅದೇ ವರ್ಷ ಉದಿನೆ ಪಟ್ಟಣದವರು ಎರಡು ಮಾರ್ಕ್ ಹಣ ಕೊಟ್ಟ ದಾಖಲೆಯಿದೆ. ಅವನ ಬಗ್ಗೆ ಹೆಚ್ಚು ಗೊತ್ತಿರುವುದು ಅಷ್ಟೇ. ಅವನ ಕತೆಯನ್ನು ಯಾರೂ ಬರೆದುಕೊಂಡಿರಲಿಲ್ಲ.

ಇಲ್ಲಿ ಇನ್ನೊಂದು ತಮಾಷೆ. ಓಡೋರಿಕನ ಬರಹದಿಂದ ಬೇಕಾದಷ್ಟು ಎತ್ತಿಕೊಂಡು, ತಾನೇ ಸುತ್ತಿ ಬಂದವನಂತೆ ಬರೆದದ್ದು ಮ್ಯಾಂಡೆವಿಲ್ ಹೆಸರಿನ ಪ್ರವಾಸಕಥನ. ಯುರೋಪು ಶತಮಾನಗಳ ಕಾಲ ಓದಿದ್ದು ಅದನ್ನೇ. ನಡೆದವನ ಕಾಲಿಗಿಂತ ಕುಳಿತವನ ಬಾಯಿಗೆ ಬೆಲೆ ಹೆಚ್ಚು!

ಇದೆಲ್ಲ ನಮಗೆ ತೀರ ಪರಕೀಯ ಸಂಗತಿಯೂ ಅಲ್ಲ. ನಮ್ಮ ಕರಾವಳಿ ಇಂಥ ಮರಳುವಿಕೆಗಳನ್ನು ಕಂಡಿದೆ. ಮಂಗಳೂರಿನ ಸಾರಸ್ವತ ಮನೆಯ ಆನಂದರಾವ್ ಕೌಂಡಿನ್ಯ 1844ರಲ್ಲಿ ಬಾಸೆಲ್ ಮಿಶನ್ನಿನಲ್ಲಿ ಕ್ರೈಸ್ತರಾಗಿ, 1846ರಲ್ಲಿ ಮೋಗ್ಲಿಂಗರ ಜತೆ ಯುರೋಪಿಗೆ ಹೋಗಿ, ಬಾಸೆಲ್‌ನಲ್ಲಿ ಕಲಿತು, 1851ರಲ್ಲಿ ಪಾದ್ರಿಯಾಗಿ ಮಂಗಳೂರಿಗೇ ಮರಳಿದರು. ಊರು ಅದೇ. ಆದರೆ ಹುಟ್ಟಿದ ಮನೆಯ ಪಂಕ್ತಿಯಲ್ಲಿ ಎಲೆ ಹಾಕುವವರಿರಲಿಲ್ಲ. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ತಂದ ಮೋಗ್ಲಿಂಗರು 1860ರಲ್ಲಿ ಜರ್ಮನಿಗೆ ಮರಳಿ, 1881ರಲ್ಲಿ ಅಲ್ಲೇ ತೀರಿದರು. ಕಿಟ್ಟೆಲ್ ಅವರು 1892ರಲ್ಲಿ ಕೊನೆಯ ಬಾರಿಗೆ ಮಂಗಳೂರು ಬಿಟ್ಟರು. 1894ರಲ್ಲಿ ಅವರ ನಿಘಂಟು ಇಲ್ಲಿ ಅಚ್ಚಾಯಿತು; ಅವರು ಅಲ್ಲಿ, ಟ್ಯೂಬಿಂಗನ್ ಪಟ್ಟಣದಲ್ಲಿ, ಕನ್ನಡ ವ್ಯಾಕರಣ ಬರೆಯುತ್ತ ಕೂತಿದ್ದರು. ಅದು 1903ರಲ್ಲಿ ಹೊರಬಂತು. ಆ ವರ್ಷವೇ ಅವರು ಹೋದರು. ತಾಯ್ನಾಡಿಗೆ ಮರಳಿದ ಮೇಲೂ ಅವರ ಮೇಜಿನ ಮೇಲೆ ಇದ್ದದ್ದು ಕನ್ನಡ. ಬೀದಿಯಲ್ಲಿ ಅದನ್ನು ಮಾತಾಡಲು ಎಷ್ಟು ಜನ ಸಿಗುತ್ತಿದ್ದರು?

ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಊರಿಗೆ ಮರಳುವುದು ಕಾಲಿನಿಂದ ಮಾತ್ರ ಆಗುವ ಕೆಲಸ ಅಲ್ಲ. ಬಂದವನನ್ನು ಕೂರಿಸಿ, ಏನು ಕಂಡೆ, ಹೇಗಿದ್ದೆ ಎಂದು ಕೇಳುವ ಒಬ್ಬರು ಬೇಕು. ಆ ವಿಲಿಯಂ ಇಲ್ಲದಿದ್ದರೆ ಓಡೋರಿಕ್ ಪಾದುವಾಕ್ಕೆ ಬಂದೂ ಬಾರದ ಹಾಗೆ. ಥಾಣೆಯ ಹದಿನೈದು ಮನೆಗಳ ಲೆಕ್ಕ ನಮಗೂ ಸಿಗುತ್ತಿರಲಿಲ್ಲ.

ಅಪ್ಪ ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದರು. ಆಗ ರೈಲು, ಬಸ್ಸು ಎಂದು ಒಂದೂವರೆ ದಿನದ ದಾರಿ. ಅಂಗಳದಲ್ಲಿ ಕಾಲು ತೊಳೆಯುವಾಗಲೇ ಊರವರ ಮೊದಲ ಪ್ರಶ್ನೆ: "ಯಾವಾಗ ಬಂದದ್ದು?" ಎರಡನೆಯದು: "ವಾಪಸ್ಸು ಯಾವಾಗ?" ಮೂರನೆಯದು ಇರಲಿಲ್ಲ. ಹೋಟೆಲಿನಲ್ಲಿ ಮೊದಲ ರಾತ್ರಿ ಎಲ್ಲಿ ಮಲಗಿದರು, ರಾತ್ರಿಶಾಲೆಯಲ್ಲಿ ನಿದ್ದೆ ಬಂದಾಗ ಏನು ಮಾಡುತ್ತಿದ್ದರು, ಮಿಲ್ಲು ಮುಷ್ಕರದ 1982ರಲ್ಲಿ ಮನೆ ಹೇಗೆ ನಡೆಸಿದರು, ಯಾರೂ ಕೇಳಲಿಲ್ಲ. ಊರವರನ್ನು ದೂರುವುದು ಯಾಕೆ? ಅವರ ಜತೆ ಒಂದೇ ಕೋಣೆಯಲ್ಲಿ ಮಲಗಿ ಬೆಳೆದ ನಾನೇ ಕೇಳಲಿಲ್ಲ. 1982ರಲ್ಲಿ ನನಗೆ ಇಪ್ಪತ್ತೆರಡು. ಅಪ್ಪ ಮೂರು ತಿಂಗಳು ಯಾವುದೋ ಅಂಗಡಿಯ ಲೆಕ್ಕ ಬರೆದರೆಂದು ನನಗೆ ಗೊತ್ತಾದದ್ದು ಅವರ ಹದಿಮೂರನೆಯ ದಿನ, ಊಟಕ್ಕೆ ಬಂದ ಒಬ್ಬ ಗೆಳೆಯರ ಬಾಯಿಂದ.

ಆ ಸಲ ಮತ್ಸ್ಯಗಂಧದಿಂದ ಇಳಿದು ನೇರ ಹೊಳೆಗೆ ಹೋದೆವು. ದೊಡ್ಡಪ್ಪ ಬಂದು ಕುಡಿಕೆಯ ಬಟ್ಟೆ ಮುಟ್ಟಿ, "ಅಂತೂ ಬಂದ" ಎಂದರು. ನೀರಿಗೆ ಬಿಟ್ಟದ್ದು ಐದು ನಿಮಿಷದ ಕೆಲಸ.

ಈಗ ನಾನೂ ರಿಟೈರ್ ಆಗಿದ್ದೇನೆ. ಬ್ಯಾಂಕಿನ ಕೆಲಸವಿದ್ದರೆ ಥಾಣೆಗೆ ಹೋಗಿ, ಮಸುಂದಾ ಕೆರೆಯ ದಡದಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಒಂದು ಬದಿಗೆ ಕೋಪಿನೇಶ್ವರ ದೇವಸ್ಥಾನ, ಇನ್ನೊಂದು ಬದಿಗೆ ಸೇಂಟ್ ಜಾನ್ ಇಗರ್ಜಿ. ನಡುವೆ ಭೇಲ್‌ಪುರಿಯವರು. ನಾಲ್ವರು ಸತ್ತ ಜಾಗ ಇಂಥದ್ದೇ ಎಂದು ತೋರಿಸುವ ಗುರುತು ಇಲ್ಲಿಲ್ಲ. ಹೋದ ತಿಂಗಳು ನವಿಮುಂಬಯಿಯ ಐರೋಲಿಯಲ್ಲಿ ಕೆಲಸ ಮಾಡುವ ಮಗ ಜತೆಗೆ ಬಂದಿದ್ದ. ಕಡಲೆ ತಿನ್ನುತ್ತ, "ಅಜ್ಜ ಊರು ಬಿಟ್ಟದ್ದು ಯಾಕೆ ಅಪ್ಪಾ?" ಎಂದ. ನನಗೆ ಗೊತ್ತಿದ್ದದ್ದು ಎರಡು ವಾಕ್ಯ. ಹೇಳಿದೆ. ಅವನು ಸುಮ್ಮನಾಗದೆ, "ಸರಿ, ನಿಮ್ಮದು ಹೇಳಿ" ಎಂದು ಮೊಬೈಲು ತೆಗೆದು ಧ್ವನಿಮುದ್ರಣಕ್ಕೆ ಇಟ್ಟ.

ಕೆರೆಯ ಹತ್ತಿರ ಗದ್ದಲ ಜಾಸ್ತಿ. ಆದರೂ ಹೇಳತೊಡಗಿದೆ.