‘ಸರ್ವರ್ ಇಲ್ಲ’ ಎಂಬ ಮಾತಿನ ಚರಿತ್ರೆ

ನಮ್ಮ ಪುತ್ತೂರು ಕಡೆ ‘ಸರ್ವರ್ ಇಲ್ಲ’ ಎಂಬುದು ‘ಕರೆಂಟಿಲ್ಲ’ ಎಂಬಷ್ಟೇ ಮನೆಮಾತು. ೨೦೨೩ರ ಜೂನ್ ೧೮ರಂದು ಗೃಹಜ್ಯೋತಿಗೂ ಜುಲೈ ೧೯ರಂದು ಗೃಹಲಕ್ಷ್ಮಿಗೂ ನೋಂದಣಿ ಶುರುವಾದಾಗ ರಾಜ್ಯದ ಊರೂರಲ್ಲೂ ಅದೇ ಮಾತು. ಕೆದಂಬಾಡಿಯಂಥ ಗ್ರಾಮದಲ್ಲಿ ಬೀಡಿ ಕಟ್ಟುವ ಹೆಂಗಸು ರೇಷನ್ ಕಾರ್ಡು ಹಿಡಿದು ಅರ್ಧ ದಿನ ಕಾದಳೆಂದರೆ ಅಷ್ಟು ಬೀಡಿ ಕಡಿಮೆಯಾಯಿತೆಂದೇ ಲೆಕ್ಕ. ಈ ಕಾಯುವಿಕೆಯನ್ನು ಅಳೆಯುವ ವಿದ್ಯೆಯೂ ಉಂಟು. ಅದಕ್ಕೆ ಕಾಲು ಶತಮಾನದ ಚರಿತ್ರೆಯಿದೆ.

ಮೊದಲು ವೆಬ್ ಪುಟಗಳು ಕರಪತ್ರದಂತೆ, ಎಲ್ಲರಿಗೂ ಒಂದೇ. ಒಬ್ಬೊಬ್ಬರಿಗೆ ಅವರವರ ಹೆಸರು, ಜಮೀನು, ಅಂಕ ತೋರಿಸಬೇಕಾದಾಗ ಕೇಳಿದ ಗಳಿಗೆಯಲ್ಲೇ ಸರ್ವರಿನಲ್ಲಿ ಪುಟ ತಯಾರಾಗಬೇಕಾಯಿತು. ೧೯೯೫ರಲ್ಲಿ ಪಿಎಚ್‌ಪಿ, ೧೯೯೬ರಲ್ಲಿ ಮೈಕ್ರೋಸಾಫ್ಟಿನ ಎಎಸ್‌ಪಿ, ೧೯೯೯ರಲ್ಲಿ ಸನ್ ಕಂಪೆನಿಯ ಜೆಎಸ್‌ಪಿ ಬಂದದ್ದು ಇದಕ್ಕಾಗಿ. ಶಾಲೆಯ ವರ್ಗಾವಣೆ ಪತ್ರ ನೋಡಿದ್ದೀರಲ್ಲ, ಅಚ್ಚಾದ ಸಾಲುಗಳ ನಡುವೆ ಮಗುವಿನ ಹೆಸರಿಗೆ ಖಾಲಿ ಜಾಗ? ಟೆಂಪ್ಲೇಟ್ ಎಂದರೆ ಅದೇ. ಪಟ್ಟಿ ಬರೆಯುವಂಥ, ದಿನಾಂಕ ತುಂಬುವಂಥ ಕೆಲಸಗಳಿಗೆ ಮಾಡಿಟ್ಟ ಸಿದ್ಧ ಗುರುತುಗಳೇ ಟ್ಯಾಗ್ ಲೈಬ್ರರಿ. ಜಾವಾದವರು ೨೦೦೨ರಲ್ಲಿ ಅದರದ್ದೊಂದು ಸಾಮಾನ್ಯ ಕಟ್ಟನ್ನೇ ಹೊರತಂದರು. ಸಾಂಬಾರು ಪುಡಿ ಮಾಡಿಟ್ಟ ಹಾಗೆ, ಕೈಗೆ ಸುಲಭ. ಆದರೆ ಪಟ್ಟಿಯಲ್ಲಿ ಐನೂರು ಸಾಲಿದ್ದರೆ ಆ ಗುರುತು ಐನೂರು ಸಲ ದುಡಿಯಬೇಕು. ಜೆಎಸ್‌ಪಿಯ ನಮೂನೆಯೋ, ಮೊದಲ ಸಲ ಕೇಳಿದಾಗ ಪ್ರೋಗ್ರಾಮಾಗಿ ಬದಲಾಗುವುದರಿಂದ ಸಾಮಾನ್ಯವಾಗಿ ಮೊದಲು ಬಂದವರೇ ಹೆಚ್ಚು ಕಾಯಬೇಕು. (ಮೊದಲ ದೋಸೆ ಕಾವಲಿ ಬಿಟ್ಟು ಏಳುವುದಿಲ್ಲವಲ್ಲ, ಹಾಗೆ.)

ನಮ್ಮಲ್ಲಿ ೨೦೦೨ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ೧೭೭ ತಾಲೂಕುಗಳ ಸುಮಾರು ೨ ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ೧೫ ರೂಪಾಯಿಗೆ ಒಂದು ಪ್ರತಿ. ಆಗ ಕಂಪ್ಯೂಟರ್ ತಾಲೂಕು ಕಚೇರಿಯಲ್ಲೇ ಇತ್ತು, ಪುತ್ತೂರಿನ ಸಾಲು ಪುತ್ತೂರಿನದು. ಈಗ ಸೇವಾಸಿಂಧುವಿನಲ್ಲಿ ಬೀದರಿನವಳೂ ಕೆದಂಬಾಡಿಯವಳೂ ಕಣ್ಣಿಗೆ ಕಾಣದ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಇಂಥ ಜಂಗುಳಿಯನ್ನು ಮೊದಲೇ ಅಂದಾಜು ಮಾಡಲು ೧೯೯೮ರಲ್ಲಿ ಸ್ಟೆಫಾನೊ ಮಾಜ್ಜೊಕ್ಕಿ ಎಂಬವರು ಜೆಮೀಟರ್ ಎಂಬ ಸಾಧನ ರಚಿಸಿದರು. ನೂರಾರು ಮಂದಿ ಒಟ್ಟಿಗೆ ಪುಟ ಕೇಳಿದಂತೆ ನಟಿಸಿ, ಒಬ್ಬೊಬ್ಬರು ಕಾದ ಹೊತ್ತನ್ನು ಅದು ಬರೆದಿಡುತ್ತದೆ. ಒಬ್ಬರೇ ಕೂತು ಪರೀಕ್ಷಿಸಿದರೆ ಪುಟ ತಟ್ಟನೆ ಬರುತ್ತದೆ. ಅದೇನು ದೊಡ್ಡ ವಿಷಯವಲ್ಲ.

ನನಗೆ ಹಿಡಿಸಿದ್ದು, ಈ ವಿದ್ಯೆ ಬಲ್ಲವರು ಸರಾಸರಿಯನ್ನು ನಂಬುವುದಿಲ್ಲ. ನೂರರಲ್ಲಿ ೯೦ ಮಂದಿಗೆ ೧ ಸೆಕೆಂಡು, ೧೦ ಮಂದಿಗೆ ೩೦ ಸೆಕೆಂಡು ಹಿಡಿದರೆ ಸರಾಸರಿ ೩.೯. ನೋಡಲು ಚೆನ್ನಾಗಿಯೇ ಇದೆ! ತರಗತಿಯ ಸರಾಸರಿ ಐವತ್ತೈದು ಎಂದು ವರದಿ ಹೋದಾಗ ಫೇಲಾದ ಮಕ್ಕಳ ಮುಖ ಯಾರಿಗೂ ಕಾಣದು. ಅದಕ್ಕೇ ಇವರು ಎಲ್ಲರನ್ನೂ ಕಾದ ಹೊತ್ತಿನ ಕ್ರಮದಲ್ಲಿ ನಿಲ್ಲಿಸಿ, ತೊಂಬತ್ತೈದನೆಯವರು ಎಷ್ಟು ಕಾದರೆಂದು ಕೇಳುತ್ತಾರೆ.

ಗೃಹಲಕ್ಷ್ಮಿಗೆ ಮೊದಲಲ್ಲಿ ದಿನ, ಹೊತ್ತು, ಕೇಂದ್ರವನ್ನು ಎಸ್ಸೆಮ್ಮೆಸ್ಸಿನಲ್ಲಿ ತಿಳಿಸುವ ಕ್ರಮ ಮಾಡಿದ್ದರು. ಜನ ಹಂಚಿಹೋದರೆ ಸರ್ವರಿಗೆ ಉಸಿರು. ಆದರೂ ಈ ಸಾಧನಗಳ ಗಡಿಯಾರ ಓಡತೊಡಗುವುದು ಕೇಂದ್ರದ ಹುಡುಗ ಗುಂಡಿ ಒತ್ತಿದ ಮೇಲೆ. ತಿಂಗಳಾಡಿಯಲ್ಲಿ ಬಸ್ಸಿಗೆ ಕಾದದ್ದು, ಮತ್ತೆ ಜಗಲಿಯಲ್ಲಿ ಕೂತದ್ದು ಅದರ ಲೆಕ್ಕಕ್ಕೆ ಸೇರುವುದಿಲ್ಲ.