ಸ್ವಂತ ತಂತಿಯಿಂದ ಗುಪ್ತ ಸುರಂಗದವರೆಗೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ಕನ್ನಡ ಮನೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಮಾತು ಬಳಕೆಗೆ ಬಂದಿದೆ. "ವಿಪಿಎನ್ ಸಿಗುತ್ತಿಲ್ಲ" ಎಂದು ಮಗ ಚಡಪಡಿಸುತ್ತಾನೆ. "ವಿಪಿಎನ್ ಕಡಿದುಹೋಯಿತು" ಎಂದು ಸೊಸೆ ಎದ್ದು ಬರುತ್ತಾಳೆ. ಹಿರಿಯರು ಇದನ್ನು ಕರೆಂಟು ಹೋದಂತೆ, ನಲ್ಲಿ ನೀರು ನಿಂತಂತೆ ಮತ್ತೊಂದು ತೊಂದರೆ ಎಂದು ತಿಳಿದು ಸುಮ್ಮನಾಗುತ್ತಾರೆ. ಎಲ್ಲರೂ ನಡೆಯುವ ದಾರಿಯ ಮೇಲೆಯೇ ಕಲ್ಪಿಸಿಕೊಂಡ ಖಾಸಗಿ ದಾರಿ ಎಂಬುದು ಈ ಹೆಸರಿನ ತಾತ್ಪರ್ಯ. ಅದರ ಇತಿಹಾಸವನ್ನೂ ಒಳಗಿನ ರಚನೆಯನ್ನೂ ತಿಳಿಯುವುದು ತಾಂತ್ರಿಕರಿಗೆ ಮಾತ್ರ ಬೇಕಾದ ವಿಷಯವೆಂದು ನಾವು ಭಾವಿಸಬಾರದು. ನಮ್ಮ ಮನೆಯ ಅನ್ನವೂ ನಮ್ಮ ಗುಟ್ಟುಗಳೂ ಇಂದು ಆ ದಾರಿಯಲ್ಲಿ ಸಾಗುತ್ತಿವೆ.

ಒಂದು ಕಾಲಕ್ಕೆ ಕಂಪನಿಯ ಗುಟ್ಟು ಕಾಯುವುದೆಂದರೆ ಬೇರೆಯವರು ಕಾಲಿಡದ ದಾರಿಯನ್ನು ಪಡೆಯುವುದೆಂದೇ ಅರ್ಥವಾಗಿತ್ತು. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. ಇಲ್ಲಿಯ ಎಂಜಿನಿಯರರು ಮಾಡಿದ ಕೆಲಸ ಹೊರದೇಶದ ಕಚೇರಿಗೆ ಮುಟ್ಟಲು ಉಪಗ್ರಹದ ಮೂಲಕ ಪ್ರತ್ಯೇಕ ಸಂಪರ್ಕ ಬೇಕಾಯಿತು. ದೂರಸಂಪರ್ಕವೆಲ್ಲ ಸರಕಾರದ ಕೈಯಲ್ಲಿದ್ದ ಆ ದಿನಗಳಲ್ಲಿ ಇಂಥ ಸಂಪರ್ಕಕ್ಕೆ ಅನುಮತಿ ಪಡೆಯುವುದೇ ಒಂದು ಸಾಹಸವಾಗಿತ್ತು. 1991ರಲ್ಲಿ ಕೇಂದ್ರ ಸರಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ಸಣ್ಣ ಕಂಪನಿಗಳಿಗೂ ಇಂಥ ಸೌಲಭ್ಯ ದೊರೆಯತೊಡಗಿತು. ಸೆಕೆಂಡಿಗೆ 64 ಸಾವಿರ ಬಿಟ್ ಸಾಗಿಸುವ ತಂತಿಯಿದ್ದರೆ ಅಂದು ಅದೇ ದೊಡ್ಡ ಆಸ್ತಿ. ಇಂದು ಡೊಂಬಿವಲಿಯ ಎರಡು ಕೋಣೆಯ ಮನೆಗೆ ಬರುವ 100 ಮೆಗಾಬಿಟ್ ಸಂಪರ್ಕ ಅದರ ಸುಮಾರು 1500 ಪಟ್ಟು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಇಂಟರ್ನೆಟ್ಟನ್ನು ನಮ್ಮ ದೇಶದ ಸಾರ್ವಜನಿಕರಿಗೆ ಒದಗಿಸಿತು. ಸ್ವಂತ ತಂತಿಗೆ ಹಣ ಸುರಿಯುವ ಬದಲು ಈ ಅಗ್ಗದ ಹೆದ್ದಾರಿಯನ್ನೇ ಏಕೆ ಬಳಸಬಾರದು ಎಂಬ ಯೋಚನೆ ಜಗತ್ತಿನ ಎಲ್ಲ ಕಂಪನಿಗಳಿಗೂ ಬಂತು. ಆದರೆ ಇಂಟರ್ನೆಟ್ಟಿನಲ್ಲಿ ಸಾಗುವ ಸಂದೇಶ ಸಣ್ಣ ಸಣ್ಣ ತುಂಡುಗಳಾಗಿ, ಯಾರು ಯಾರದೋ ಯಂತ್ರಗಳನ್ನು ಹಾಯ್ದು ಹೋಗುತ್ತದೆ. ಊರಿಗೆ ಬರೆದ ಪೋಸ್ಟ್ ಕಾರ್ಡಿನಂತೆ, ನಡುವೆ ಕೈಗೆತ್ತಿಕೊಂಡವರೆಲ್ಲ ಅದನ್ನು ಓದಬಹುದು.

ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಟಪಾಲು ಕಚೇರಿಗೆ ಹೊಸದೇನಲ್ಲ. ಕಾರ್ಡನ್ನು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆಯೊತ್ತಿ, ಮೇಲೆ ಕಚೇರಿಯ ವಿಳಾಸವನ್ನಷ್ಟೇ ಬರೆಯುವುದು. ಕಚೇರಿಯಲ್ಲಿ ಲಕೋಟೆ ಒಡೆದ ಮೇಲೆಯೇ ಒಳಗಿನ ಕಾರ್ಡು ಯಾವ ಮೇಜಿಗೆ ಹೋಗಬೇಕೆಂದು ತಿಳಿಯುವುದು. ಹೀಗೆ ಲಕೋಟೆಯೊಳಗೆ ಅಡಗಿ ಸಾಗುವುದನ್ನೇ ಸುರಂಗವೆಂದು ಕರೆಯುತ್ತಾರೆ.

ಈ ಕೆಲಸ ಮಾಡುವ ಪ್ರೋಗ್ರಾಮಿನ ಹೊಟ್ಟೆಯೊಳಗೆ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಮೊದಲನೆಯದು ಒಂದು ಹುಸಿ ಬಾಗಿಲು. ಕಂಪ್ಯೂಟರು ಅದನ್ನು ನಿಜವಾದ ತಂತಿಯೆಂದೇ ನಂಬಿ ಕಚೇರಿಗೆ ಹೋಗಬೇಕಾದ ತುಂಡುಗಳನ್ನು ಅದರೊಳಗೆ ಹಾಕುತ್ತದೆ. ಎರಡನೆಯದು ಮಾತುಕತೆಯ ಭಾಗ. ಆಚೆ ಇರುವವನು ನಮ್ಮವನೇ ಹೌದೇ ಎಂದು ವಿಚಾರಿಸಿ, ಇಬ್ಬರಿಗೂ ಸಮ್ಮತವಾದ ಬೀಗದಕೈಯನ್ನು ನಿಶ್ಚಯಿಸುವುದು ಇದರ ಹೊಣೆ. ಮೂರನೆಯದು ಸಾಗಣೆಯ ಭಾಗ. ಅದು ಪ್ರತಿಯೊಂದು ತುಂಡಿಗೂ ಬೀಗ ಹಾಕಿ, ಮುದ್ರೆಯೊತ್ತಿ ಕಳುಹಿಸುತ್ತದೆ. ಬಂದವುಗಳ ಮುದ್ರೆ ಕೆಟ್ಟಿದ್ದರೆ ಬಿಸಾಡುತ್ತದೆ. ಮಾತುಕತೆ ನಡೆಯುವುದು ಆಗೊಮ್ಮೆ ಈಗೊಮ್ಮೆ, ಸಾಗಣೆ ಕ್ಷಣಕ್ಷಣವೂ. ಆದ್ದರಿಂದ ಮೊದಲಿನದು ಜಾಣತನದಿಂದಲೂ ಎರಡನೆಯದು ವೇಗದಿಂದಲೂ ನಡೆಯಬೇಕು.

ಎಂದೂ ಭೇಟಿಯಾಗದ ಇಬ್ಬರು, ಎಲ್ಲರೂ ಕೇಳುವಂತೆ ಮಾತಾಡಿಯೂ ಇಬ್ಬರಿಗೇ ತಿಳಿದ ಬೀಗದಕೈ ಮಾಡಿಕೊಳ್ಳುವುದು ಹೇಗೆ? ಈ ಒಗಟನ್ನು ಬಿಡಿಸುವ ಗಣಿತವನ್ನು ವಿಟ್‌ಫೀಲ್ಡ್ ಡಿಫೀ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿಯೇ ಪ್ರಕಟಿಸಿದ್ದರು. ಮುಂದಿನ ಸುರಂಗಗಳಲ್ಲಿ ಹೆಚ್ಚಿನವು ಆ ತಳಹದಿಯ ಮೇಲೆ ನಿಂತಿವೆ. ಬೀಗದಕೈಯನ್ನು ಆಗಾಗ ಹೊಸದಾಗಿ ಮಾಡಿಕೊಂಡು ಹಳೆಯದನ್ನು ಅಳಿಸಿಬಿಟ್ಟರೆ, ಇಂದು ಕಳ್ಳನ ಕೈಗೆ ಒಂದು ಸಿಕ್ಕರೂ ನಿನ್ನೆಯ ಲಕೋಟೆಗಳು ಒಡೆಯುವುದಿಲ್ಲ.

1995ರಲ್ಲಿ ಐಪಿಸೆಕ್ ಎಂಬ ಪದ್ಧತಿಯ ಮೊದಲ ನಿಯಮಗಳು ಹೊರಬಂದವು. ಅದರಲ್ಲಿ ಎರಡು ದಫ್ತರಗಳಿವೆ. ಯಾವ ತುಂಡಿಗೆ ಬೀಗ ಹಾಕಬೇಕು, ಯಾವುದನ್ನು ಹಾಗೆಯೇ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಒಂದು ದಫ್ತರ ಹೇಳುತ್ತದೆ. ಯಾರಿಗೆ ಯಾವ ಬೀಗದಕೈ ಎಂಬುದನ್ನು ಇನ್ನೊಂದು ನೆನಪಿಡುತ್ತದೆ. ಇದನ್ನು ಲಿನಕ್ಸಿಗೆ ತಂದ ಫ್ರೀಸ್ವಾನ್ ಎಂಬ ಯೋಜನೆಯಲ್ಲಿ ಮಾತುಕತೆಯ ಭಾಗಕ್ಕೆ ಪ್ಲೂಟೋ ಎಂದೂ ಸಾಗಣೆಯ ಭಾಗಕ್ಕೆ ಕ್ಲಿಪ್ಸ್ ಎಂದೂ ಹೆಸರಿಟ್ಟಿದ್ದರು. ಪ್ಲೂಟೋ ಸಾಮಾನ್ಯ ಪ್ರೋಗ್ರಾಮಿನಂತೆ ಹೊರಗಿತ್ತು, ಕ್ಲಿಪ್ಸ್ ಕಂಪ್ಯೂಟರಿನ ಗರ್ಭಗುಡಿಯಂತಿರುವ ಕರ್ನೆಲ್ಲಿನೊಳಗಿತ್ತು. ವ್ಯವಸ್ಥೆ ಭದ್ರ, ಆದರೆ ಆಯ್ಕೆಗಳು ಅಸಂಖ್ಯ. ಸರಿಯಾಗಿ ಜೋಡಿಸುವುದೇ ತಲೆನೋವು.

1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅದರ ಸಹವರ್ತಿ ಕಂಪನಿಗಳು ಪಿಪಿಟಿಪಿಯನ್ನು ಮುಂದಿಟ್ಟವು. ಇದರಲ್ಲಿ ಭಾರತೀಯ ಮೂಲದ ಗುರ್ದೀಪ್ ಸಿಂಗ್ ಪಾಲ್ ಅವರ ಪಾತ್ರ ದೊಡ್ಡದು. ವಿಂಡೋಸ್ ಇದ್ದವರಿಗೆಲ್ಲ ಅದು ಸುಲಭವಾಗಿ ಕೈಗೆ ಬಂತು. ಆದರೆ 1998ರಲ್ಲಿ ಬ್ರೂಸ್ ಶ್ನಾಯರ್ ಮತ್ತು ಅವರ ಜೊತೆಗಾರರು ಮೈಕ್ರೋಸಾಫ್ಟಿನ ರಚನೆಯನ್ನು ಪರೀಕ್ಷಿಸಿ ಗಂಭೀರ ದೋಷಗಳನ್ನು ತೋರಿಸಿಕೊಟ್ಟರು. ಬೀಗದಕೈ ಹುಟ್ಟುತ್ತಿದ್ದುದು ಬಳಸುವವನ ಗುಪ್ತಪದದಿಂದ. ಜನ ಇಟ್ಟುಕೊಳ್ಳುವ ಗುಪ್ತಪದ ಸುಲಭವಾದುದು. ಆದ್ದರಿಂದ ಬೀಗವೂ ದುರ್ಬಲ. ಸುರಂಗದ ಗೋಡೆ ಎಷ್ಟು ದಪ್ಪವಾದರೇನು, ಬಾಗಿಲಿನ ಬೀಗ ತಗಡಿನದಾದರೆ?

2001ರಲ್ಲಿ ಜೇಮ್ಸ್ ಯೋನನ್ ಬಿಡುಗಡೆ ಮಾಡಿದ ಓಪನ್‌ವಿಪಿಎನ್ ಬೇರೆ ಹಾದಿ ಹಿಡಿಯಿತು. ಮಾತುಕತೆ, ಸಾಗಣೆ ಎರಡನ್ನೂ ಅದು ಕರ್ನೆಲ್ಲಿನ ಹೊರಗೆ, ಒಂದೇ ಪ್ರೋಗ್ರಾಮಿನಲ್ಲಿ ಇಟ್ಟಿತು. ಮಾತುಕತೆಗೆ ಬ್ಯಾಂಕಿನ ಜಾಲತಾಣಗಳು ಬಳಸುವ ಪರೀಕ್ಷಿತ ಪದ್ಧತಿಯನ್ನೇ ಎರವಲು ಪಡೆಯಿತು. ಯಾವ ಯಂತ್ರಕ್ಕಾದರೂ ಅದನ್ನು ಒಯ್ಯಬಹುದಾಗಿತ್ತು. ಬೆಲೆ ತೆತ್ತದ್ದು ವೇಗದಲ್ಲಿ: ಪ್ರತಿಯೊಂದು ತುಂಡೂ ಗರ್ಭಗುಡಿಯಿಂದ ಹೊರಗೆ ಬಂದು, ಬೀಗ ಹಾಕಿಸಿಕೊಂಡು, ಮತ್ತೆ ಒಳಗೆ ಹೋಗಿ ಪ್ರಯಾಣ ಹೊರಡಬೇಕು. ಸಾಗಣೆಯ ಭಾಗವನ್ನು ಮಾತ್ರ ಕರ್ನೆಲ್ಲಿಗೆ ಒಪ್ಪಿಸುವ ಏರ್ಪಾಡು ಅದರ 2.6ನೆಯ ಆವೃತ್ತಿಯಲ್ಲಿ, 2023ರಲ್ಲಿ ಬಂತು.

ಅಷ್ಟರಲ್ಲಿ ಜೇಸನ್ ಡೋನೆನ್‌ಫೆಲ್ಡ್ ಅವರ ವೈರ್‌ಗಾರ್ಡ್ ಹುಟ್ಟಿತ್ತು. ಹಳೆಯ ಪ್ರೋಗ್ರಾಮುಗಳು ಲಕ್ಷ ಸಾಲು ದಾಟಿದ್ದರೆ ಇದು ಸುಮಾರು 4000 ಸಾಲುಗಳಲ್ಲಿ ಮುಗಿದಿತ್ತು. ಒಬ್ಬ ತಜ್ಞ ಕೂತು ಓದಿ ಮುಗಿಸಬಲ್ಲ ಪ್ರೋಗ್ರಾಮಿನಲ್ಲಿ ದೋಷ ಅಡಗಿ ಕೂರುವುದು ಕಷ್ಟ. ಬೀಗಗಳ ಆಯ್ಕೆಯನ್ನೇ ಅದು ಕೊಡುವುದಿಲ್ಲ. ಒಂದೇ ಗಟ್ಟಿ ಬೀಗ. ಪರಿಚಯವಿಲ್ಲದವನು ಕದ ತಟ್ಟಿದರೆ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಸುಮ್ಮನಿರುತ್ತದೆ. ಬಳಸುವವರ ಹೆಸರು, ಗುಪ್ತಪದಗಳ ಪಟ್ಟಿ ಇಡುವ ಕೆಲಸವನ್ನು ಅದು ಬೇರೆಯವರಿಗೆ ಬಿಟ್ಟಿದೆ ಎಂಬುದೂ ನಿಜ.

ವೈರ್‌ಗಾರ್ಡ್ ಲಿನಕ್ಸ್ ಕರ್ನೆಲ್ಲಿನ ಅಂಗವಾಗಿ ಹೊರಬಂದದ್ದು 2020ರ ಮಾರ್ಚ್ 29ರಂದು. ಆ ದಿನಗಳನ್ನು ನಮ್ಮಲ್ಲಿ ಯಾರು ಮರೆತಾರು? ಲೋಕಲ್ ಗಾಡಿಗಳು ನಿಂತಿದ್ದವು. 25ರಿಂದ ದೇಶವೇ ಬಾಗಿಲು ಹಾಕಿತ್ತು. ಐರೋಲಿ, ಮಹಾಪೆಗಳ ಕಚೇರಿಗಳು ಒಂದು ವಾರದೊಳಗೆ ಕಲ್ಯಾಣ, ಡೊಂಬಿವಲಿಗಳ ಊಟದ ಮೇಜುಗಳಿಗೆ ಬಂದವು. ಕಾಲ್ ಸೆಂಟರಿನಂಥ ಕಚೇರಿಗಳಿಗೆ ಮನೆಯಿಂದ ಕೆಲಸ ಮಾಡಿಸಲು ಇದ್ದ ಕಟ್ಟುಗಳನ್ನು ದೂರಸಂಪರ್ಕ ಇಲಾಖೆ ಮಾರ್ಚ್ 13ರಂದು ತಾತ್ಕಾಲಿಕವಾಗಿ ಸಡಿಲಿಸಿತು. ನವೆಂಬರಿನ ಹೊಸ ನಿಯಮಗಳಲ್ಲಿ ಅವನ್ನು ಬಹುಮಟ್ಟಿಗೆ ತೆಗೆದುಹಾಕಿತು. ಸುರಂಗವಿಲ್ಲದಿದ್ದರೆ ನಮ್ಮ ಎಷ್ಟೋ ಮನೆಗಳ ಸಂಬಳ ಅಂದೇ ನಿಲ್ಲುತ್ತಿತ್ತು.

ಈ ಇತಿಹಾಸದಿಂದ ನಾವು ಗಮನಿಸಬೇಕಾದ ಮುಖ್ಯ ಸಂಗತಿ ಒಂದಿದೆ. ಸ್ವಂತ ತಂತಿಯ ಕಾಲದಲ್ಲಿ ನಂಬಿಕೆಯಿದ್ದುದು ದಾರಿಯ ಮೇಲೆ. ಈಗ ಅದು ಆಚೆ ತುದಿಯಲ್ಲಿ ಲಕೋಟೆ ಒಡೆಯುವವನ ಮೇಲೆ. ಕಚೇರಿಯ ಸುರಂಗದಲ್ಲಿ ಆ ತುದಿ ಕಚೇರಿಯೇ. ಆದರೆ ಪೇಟೆಯಲ್ಲಿ ಪುಕ್ಕಟೆ ಸಿಗುವ ವಿಪಿಎನ್ ಆ್ಯಪುಗಳಲ್ಲಿ ಆ ತುದಿಯಲ್ಲಿ ಕೂತವರು ಯಾರು? ನಾವು ಯಾವ ತಾಣಗಳಿಗೆ ಹೋಗುತ್ತೇವೆಂಬುದನ್ನು ಇಂಟರ್ನೆಟ್ ಕಂಪನಿಯಿಂದ ಮರೆಮಾಚಿ, ಹೆಸರೇ ಗೊತ್ತಿಲ್ಲದ ಒಬ್ಬನ ಕೈಗೆ ಒಪ್ಪಿಸಿದಂತಾಗುತ್ತದೆ. ಬ್ಯಾಂಕಿನ ಆ್ಯಪು ತನ್ನ ಮಾತಿಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಅದಕ್ಕಾಗಿ ಇಂಥವನ್ನು ಹುಡುಕಿ ಹೋಗಬೇಕಾಗಿಲ್ಲ.

2022ರ ಏಪ್ರಿಲ್ 28ರಂದು ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು, ಸಾರ್ವಜನಿಕರಿಗೆ ವಿಪಿಎನ್ ಒದಗಿಸುವವರು ಗ್ರಾಹಕರ ವಿವರಗಳನ್ನು 5 ವರ್ಷ ಕಾದಿಡಬೇಕೆಂದು ಆಜ್ಞೆ ಮಾಡಿತು. ಕಂಪನಿಗಳ ಆಂತರಿಕ ಸುರಂಗಗಳಿಗೆ ಇದು ಅನ್ವಯಿಸದೆಂದು ಬಳಿಕ ಸ್ಪಷ್ಟಪಡಿಸಿತು. ಕೆಲವು ವಿದೇಶೀ ಕಂಪನಿಗಳು ತಮ್ಮ ಯಂತ್ರಗಳನ್ನೇ ಇಲ್ಲಿಂದ ಎತ್ತಿಕೊಂಡು ಹೋದವು. ಅಪರಾಧಿಯನ್ನು ಹಿಡಿಯಲು ದಾಖಲೆ ಬೇಕೆಂಬ ಸರಕಾರದ ವಾದಕ್ಕೂ, ಕೂಡಿಟ್ಟ ದಾಖಲೆ ಎಂದಾದರೂ ಸೋರೀತೆಂಬ ಜನರ ಅಂಜಿಕೆಗೂ ಆಧಾರವಿದೆ.

ಇನ್ನೊಂದು ಮಾತನ್ನು ನಮ್ಮ ಹಿರಿಯರಿಗೆ ವಿಶೇಷವಾಗಿ ಹೇಳಬೇಕು. ಸುರಂಗವು ಲಕೋಟೆಯನ್ನು ಕಾಯುತ್ತದೆ, ಬರೆಯುವ ಕೈಯನ್ನು ಕಾಯುವುದಿಲ್ಲ. ಪೊಲೀಸನೆಂದು ಹೇಳಿಕೊಂಡು ಫೋನು ಮಾಡಿದವನಿಗೆ ನಾವೇ ಓಟಿಪಿ ಕೊಟ್ಟರೆ, ಅದನ್ನೂ ಅದು ನಿಷ್ಠೆಯಿಂದ ಬೀಗ ಹಾಕಿ ಮುಟ್ಟಿಸಿಬಿಡುತ್ತದೆ. ಸುರಂಗದ ಆಚೆ ತುದಿಯಲ್ಲಿರುವವನು ಯಾರೆಂದು ವಿಚಾರಿಸುವ ಕೆಲಸವನ್ನು ಪ್ರೋಗ್ರಾಮು ಪ್ರತಿ ಸಾರಿಯೂ ಮರೆಯದೆ ಮಾಡುತ್ತದೆ. ಫೋನು ಎತ್ತುವ ನಾವೂ ಅಷ್ಟನ್ನು ಕಲಿತರೆ ಸಾಕು.