ಕಳ್ಳತಳದ ಪೆಟ್ಟಿಗೆ: 1909ರ ಮುಂಬಯಿ ಬ್ರೌನಿಂಗ್‌ಗಳು ಮತ್ತು ಒಂದು ತಪ್ಪು ಓದು

ನಾಸಿಕದ ಕಲೆಕ್ಟರ್ ಜ್ಯಾಕ್ಸನ್‌ನನ್ನು ಅನಂತ ಕಾನ್ಹೇರೆ ಕೊಂದದ್ದು ರಿವಾಲ್ವರಿನಿಂದ ಎಂದು ನನಗಿಂತ ಹಿರಿಯರೊಬ್ಬರು ಬರೆದು ಬಹಳ ಕಾಲವಾಯಿತು. ಆಮೇಲೆ ಬಂದವರು ಅದನ್ನೇ ಎತ್ತಿ ಬರೆಯುತ್ತ ಬಂದಿದ್ದಾರೆ. ಅದೇ ಬರಹದಲ್ಲಿ ಎರಡು ಪುಟ ಮುಂದೆ ಹೋದರೆ ಆ ಆಯುಧ ‘ಸ್ವಯಂಚಾಲಿತ’ವೂ ಆಗಿಬಿಡುತ್ತದೆ, ಕುದುರೆಯನ್ನು ಒಮ್ಮೆ ಎಳೆದರೆ ಗುಂಡಿನ ಮಳೆಯೇ ಸುರಿಯುತ್ತದೆ. ಹಿರಿಯರ ಬಗ್ಗೆ ನನಗೆ ಗೌರವವಿದೆ (ಈ ಪ್ರಕರಣದ ಗೀಳು ಹತ್ತಿಸಿದ್ದೇ ಅವರು). ಆದರೆ ಒಂದೇ ಆಯುಧ ಈ ಎರಡೂ ಆಗಿರಲಾರದು. ನಿಜಕ್ಕೂ ಅದು ಎರಡರಲ್ಲಿ ಒಂದೂ ಅಲ್ಲ.

ಮೂಲ ಆಧಾರ ಎಲ್ಲರಿಗೂ ಗೊತ್ತಿರುವುದೇ: 1918ರ ರೌಲಟ್ ಸಮಿತಿಯ ವರದಿ. ವಿನಾಯಕ ಸಾವರ್ಕರ್ 1909ರ ಫೆಬ್ರುವರಿಯ ಹೊತ್ತಿಗೆ ಪ್ಯಾರಿಸ್ಸಿನಿಂದ 20 ಬ್ರೌನಿಂಗ್ ಆಟೊಮ್ಯಾಟಿಕ್ ಪಿಸ್ತೂಲುಗಳನ್ನೂ ಮದ್ದುಗುಂಡುಗಳನ್ನೂ ತರಿಸಿಕೊಂಡರು. ಲಂಡನ್ನಿನ ಇಂಡಿಯಾ ಹೌಸಿನಲ್ಲಿ ಅಡುಗೆಗಿದ್ದ ಚತುರ್ಭುಜ ಅಮೀನನ ಪೆಟ್ಟಿಗೆಯ ಕಳ್ಳತಳದಲ್ಲಿ ಅಡಗಿ ಅವು ಮುಂಬಯಿಗೆ ಬಂದವು. ಡಿಸೆಂಬರ್ 21ರಂದು ನಾಸಿಕದ ವಿಜಯಾನಂದ ನಾಟಕಗೃಹದಲ್ಲಿ ಅವುಗಳಲ್ಲೊಂದು ಸಿಡಿಯಿತು. ಇಷ್ಟನ್ನು ವರದಿ ಕೆಲವೇ ವಾಕ್ಯಗಳಲ್ಲಿ ಹೇಳಿ ಮುಗಿಸುತ್ತದೆ. ನಮ್ಮವರು ಎಡವಿದ್ದು ಅದರ ಒಂದೇ ಪದದಲ್ಲಿ, ‘ಆಟೊಮ್ಯಾಟಿಕ್’.

ಆ ಕಾಲದ ಬಳಕೆಯಲ್ಲಿ ಆಟೊಮ್ಯಾಟಿಕ್ ಎಂದರೆ ತಾನಾಗಿ ತೋಟೆ ತುಂಬಿಕೊಳ್ಳುವುದು, ತಾನಾಗಿ ಹಾರಿಸುತ್ತ ಹೋಗುವುದಲ್ಲ. ಗುಂಡು ಮುಂದಕ್ಕೆ ಹಾರುವಾಗ ಅದೇ ಒತ್ತಡ ಖಾಲಿ ತೋಟೆಯನ್ನು ಹಿಂದಕ್ಕೆ ತಳ್ಳುತ್ತದೆ, ಮೇಲಿನ ಜಾರುಭಾಗವೂ ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಸ್ಪ್ರಿಂಗು ಅದನ್ನು ಮತ್ತೆ ಮುಂದೆ ತರುವಾಗ ಹಿಡಿಯೊಳಗಿನ ಮ್ಯಾಗಜೀನಿನಿಂದ ಹೊಸ ತೋಟೆ ನಳಿಗೆಗೆ ಏರುತ್ತದೆ. ಇನ್ನೊಂದು ಗುಂಡಿಗೆ ಕುದುರೆಯನ್ನು ಮತ್ತೆ ಎಳೆಯಲೇಬೇಕು. ಇಂದು ನಾವು ಸೆಮಿ ಆಟೊಮ್ಯಾಟಿಕ್ ಎನ್ನುವುದು ಇದನ್ನೇ. ‘ಸ್ವಯಂಚಾಲಿತ’ ಎಂದು ಕಣ್ಣುಮುಚ್ಚಿ ಅನುವಾದಿಸಿದವರು ಕಾನ್ಹೇರೆಯ ಕೈಗೆ ಮಷೀನ್ ಗನ್ ಕೊಟ್ಟುಬಿಟ್ಟಿದ್ದಾರೆ.

ರಿವಾಲ್ವರಿನ ವಾದ ಇದಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟಿದೆ. ಆಗಿನ ಕಾಲದ ಬರಹಗಳಲ್ಲಿ ಯಾವ ಕೈಕೋವಿಯನ್ನಾದರೂ ರಿವಾಲ್ವರ್ ಎಂದುಬಿಡುವ ರೂಢಿಯಿತ್ತು, ಅದಕ್ಕೆ ಈ ಮಾತು ಸಾಕ್ಷ್ಯವಾಗದು. ಪೆಟ್ಟಿಗೆಯನ್ನೇ ಕೇಳೋಣ. ರಿವಾಲ್ವರಿನ ಹೊಟ್ಟೆಯಲ್ಲಿ ತಿರುಗುವ ಗುಂಡನೆಯ ಉರುಳೆಯಿದೆ. ಅದನ್ನು ಮಲಗಿಸಿಟ್ಟರೂ ಆ ಉಬ್ಬು ಹೋಗದು. ಜಾನ್ ಬ್ರೌನಿಂಗ್ ರೂಪಿಸಿ ಬೆಲ್ಜಿಯಂನ ಹೆರ್ಸ್ತಾಲಿನ ಎಫ್‌ಎನ್ ಕಾರ್ಖಾನೆ ಮಾಡುತ್ತಿದ್ದ ಪಿಸ್ತೂಲು ಚಪ್ಪಟೆ, ಒಗ್ಗಿ ಮಲಗುವಂಥದು. ತೂಕದ ಲೆಕ್ಕವೂ ಇದೇ ಕಡೆ ವಾಲುತ್ತದೆ. 1900ರ ಮಾದರಿ, 7.65 ಮಿ.ಮೀ., ಮ್ಯಾಗಜೀನಿನಲ್ಲಿ 7 ತೋಟೆ, ಸುಮಾರು 625 ಗ್ರಾಂ: ಇಪ್ಪತ್ತಕ್ಕೆ ಹನ್ನೆರಡೂವರೆ ಕಿಲೊ. 1906ರ 6.35 ಮಿ.ಮೀ. ಮಾದರಿ ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ಇಪ್ಪತ್ತನ್ನು ಸೇರಿಸಿದರೂ ಸುಮಾರು 7 ಕಿಲೊ. ಅದೇ ಸೈನ್ಯದ ವೆಬ್ಲಿ ರಿವಾಲ್ವರ್ ಒಂದೊಂದೂ ಸುಮಾರು ಒಂದು ಕಿಲೊ. ಬಡ ಅಡುಗೆಯವನೊಬ್ಬನ ಪೆಟ್ಟಿಗೆ ಇಪ್ಪತ್ತು ಕಿಲೊ ಉಕ್ಕು ಹೊತ್ತು ಉಬ್ಬಿಕೊಂಡು ಹಡಗಿನಿಂದಿಳಿದಿದ್ದರೆ ಅದನ್ನು ಎತ್ತಿದ ಹಮಾಲನಿಗೇ ಮೊದಲು ಅನುಮಾನ ಬರುತ್ತಿತ್ತು.

ಇದು ಪದದ ಜಗಳ ಮಾತ್ರ, ಬಿಟ್ಟುಬಿಡಿ ಎಂದವರಿದ್ದಾರೆ. ಬಿಡುವಂತಿಲ್ಲ. ಮುಂಬಯಿ ಹೈಕೋರ್ಟಿನ ವಿಶೇಷ ನ್ಯಾಯಮಂಡಳಿ 1910ರ ಡಿಸೆಂಬರಿನಲ್ಲಿ ಸಾವರ್ಕರರಿಗೆ ಕೊಟ್ಟದ್ದು ಪಿತೂರಿಗಾಗಿ ಕರಿನೀರಿನ ಆಜೀವ ಶಿಕ್ಷೆ. 1911ರ ಜನವರಿ 30ರ ಎರಡನೆಯ ಆಜೀವ ಶಿಕ್ಷೆ ಬೇರೆಯೇ, ಅದು ಜ್ಯಾಕ್ಸನ್ ಕೊಲೆಗೆ ನೆರವಾದದ್ದಕ್ಕೆ. ಕೊಲೆ ನಡೆದಾಗ ಸಾವರ್ಕರ್ ಸಾವಿರಾರು ಮೈಲಿ ದೂರದಲ್ಲಿದ್ದವರು. ಅವರನ್ನು ನಾಸಿಕದ ರಂಗಮಂದಿರಕ್ಕೆ ಕಟ್ಟಿದ ಹಗ್ಗ ಆ ಪೆಟ್ಟಿಗೆಯದೇ. ಕಾನ್ಹೇರೆಯ ಕೈಯಲ್ಲಿದ್ದದ್ದು ಇಪ್ಪತ್ತರಲ್ಲಿ ಒಂದು ಬ್ರೌನಿಂಗ್ ಎಂದಾದರೆ ಮಾತ್ರ ಆ ಹಗ್ಗ ನಿಲ್ಲುತ್ತದೆ. ರಿವಾಲ್ವರ್ ಎಂದು ಬರೆದವರು ತಮಗೇ ಅರಿವಿಲ್ಲದೆ ಎರಡನೆಯ ಶಿಕ್ಷೆಯ ಆಧಾರವನ್ನು ಕಿತ್ತುಹಾಕಿ, ಮರುಪುಟದಲ್ಲಿ ಆ ಶಿಕ್ಷೆಯನ್ನು ಏನೂ ಆಗಿಲ್ಲವೆಂಬಂತೆ ವರ್ಣಿಸುತ್ತಾರೆ! (ಮಂಡಳಿಯ ಮೂವರಲ್ಲಿ ಬೇಸಿಲ್ ಸ್ಕಾಟ್ ಮತ್ತು ಹೀಟನ್ ಜೊತೆ ಕೂತಿದ್ದವರು ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು. ನಮ್ಮ ಉತ್ತರ ಕನ್ನಡದವರು ಈ ಹೆಸರನ್ನು ಹೆಮ್ಮೆಯಿಂದ ಹೇಳುವಾಗ ಈ ತೀರ್ಪಿನ ಬಳಿ ಬಂದು ದನಿ ತಗ್ಗಿಸುತ್ತಾರೆ. ನಾನೂ ತಗ್ಗಿಸಿದವನೇ.)

ಹಾಗಾದರೆ ಯಾವ ಬ್ರೌನಿಂಗ್? 1914ರಲ್ಲಿ ಸರಾಯೆವೊದಲ್ಲಿ ಸಿಡಿದ 1910ರ ಮಾದರಿಯ ಚಿತ್ರವನ್ನು ಇಲ್ಲಿಗೆ ಅಂಟಿಸುವವರಿಗೆ ಪಂಚಾಂಗವೇ ಉತ್ತರ. 13 ತೋಟೆಯ ಬ್ರೌನಿಂಗ್ ಹೈ ಪವರ್ ಬಂದದ್ದು 1935ರಲ್ಲಿ, ಆ ಮಾತೇ ಬೇಡ. 1903ರ ಮಾದರಿ ಒಂದೊಂದೂ 900 ಗ್ರಾಂ ಮೀರಿದ ಸೈನಿಕ ಪಿಸ್ತೂಲು, ಮೇಲೆ ಹೇಳಿದ ತೂಕದ ತೊಡಕು ಅದಕ್ಕೂ ಇದೆ. ಉಳಿದೆರಡರಲ್ಲಿ ನನ್ನ ಒಲವು 1900ರ ಕಡೆಗೆ. 1904ರಲ್ಲಿ ಹೆಲ್ಸಿಂಕಿಯಲ್ಲಿ ರಷ್ಯದ ಗವರ್ನರ್ ಜನರಲ್ ಬೊಬ್ರಿಕೊವ್‌ನನ್ನು, ನಾಸಿಕಕ್ಕೆ ಎರಡೇ ತಿಂಗಳ ಹಿಂದೆ, 1909ರ ಅಕ್ಟೋಬರ್ 26ರಂದು, ಹಾರ್ಬಿನ್ ರೈಲು ನಿಲ್ದಾಣದಲ್ಲಿ ಇಟೊ ಹಿರೊಬುಮಿಯನ್ನು ಕೊಂದದ್ದು ಅದೇ ಮಾದರಿ. ಫ್ರಾನ್ಸಿನಲ್ಲಿ ‘ಬ್ರೌನಿಂಗ್’ ಎಂಬುದು ಜೇಬುಪಿಸ್ತೂಲಿಗೇ ಹೆಸರಾಗುವಷ್ಟು ಅದು ಹರಡಿತ್ತು. ಇದು ಒಲವು, ತೀರ್ಪಲ್ಲ.

ಕೊನೆಗೆ ಕಲ್ಕತ್ತೆಯವರ ಮಾತು. ಕ್ರಾಂತಿಕಾರಿಗಳ ಪಿಸ್ತೂಲಿನ ಚರಿತ್ರೆ 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೊಡ್ಡಾ ಆಯುಧ ಕಂಪನಿಯ ಸರಕು ಕದ್ದ ಪ್ರಕರಣದಿಂದ ಶುರು ಎಂದು ಅವರು ಬರೆಯುತ್ತಾರೆ, ನಾವು ತಲೆಯಾಡಿಸುತ್ತೇವೆ. 50 ಮೌಸರ್, 46,000 ತೋಟೆ. ಸಂಖ್ಯೆಯಲ್ಲಿ ಮುಂಬಯಿ ಅದಕ್ಕೆ ಸಾಟಿಯಲ್ಲ, ಒಪ್ಪಿದೆ. ಇಪ್ಪತ್ತು ಬ್ರೌನಿಂಗ್‌ಗಳೇ ಈ ದೇಶಕ್ಕೆ ಬಂದ ಮೊದಲ ಸೆಮಿ ಆಟೊಮ್ಯಾಟಿಕ್‌ಗಳು ಎಂದೂ ನಾನು ವಾದಿಸುತ್ತಿಲ್ಲ, ಬಿಳಿಯ ಅಧಿಕಾರಿಗಳು ಸ್ವಂತ ಹಣದಲ್ಲಿ ಮೌಸರ್ ಕೊಳ್ಳುತ್ತಿದ್ದ ಕಾಲ ಅದು. ಆದರೆ ಐದು ವರ್ಷ ಮೊದಲೇ ಬಂದದ್ದನ್ನು ಬಿಟ್ಟು ಎಣಿಸುವುದು ಯಾವ ಲೆಕ್ಕ? ಮೌಸರಿನ ಮ್ಯಾಗಜೀನು ಕುದುರೆಯ ಮುಂದೆ ಡಬ್ಬಿಯಂತೆ ಚಾಚಿರುತ್ತದೆ, ಹಿಂದೆ ಜೋಡಿಸಲು ಮರದ ಒರೆ ಬೇರೆ. ಅವನ್ನು ಸಾಗಿಸಲು ಕಲ್ಕತ್ತೆಯವರಿಗೆ ಎತ್ತಿನ ಗಾಡಿಯೇ ಬೇಕಾಯಿತು. ಚತುರ್ಭುಜನ ಪೆಟ್ಟಿಗೆಯಲ್ಲಿ ಅಂಥ ಇಪ್ಪತ್ತಕ್ಕೆ ಜಾಗವಿರುತ್ತಿರಲಿಲ್ಲ.